ಹದಿನೆಂಟು ಸಂಬಳ, ಇಪ್ಪತ್ಮೂರು ಪಾಲು

"ಆ ಕೆಲ್ಸ ಬಿಟ್ಟ ಮೇಲೆ, ನಾಳೆ ಕಾಲ್ ಮುರ್ದ್ರೆ ನಂಗೆ ಅನ್ನ ಹಾಕುದ್ ಯಾರ್ ಅಕ್ಕ? ಈ ಚೆಂಡಾ?"

ಮೂಕಾಂಬು ಇದನ್ನು ಕೇಳಿದ್ದು ಚಾಪೆಯ ಅಂಚಿನಲ್ಲಿ ಕುಳಿತು, ಮಂಡಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚುತ್ತ. ಸಿಟ್ಟಿನಿಂದ ಕೇಳಿದ್ದಲ್ಲ; ಸಂತೆಯಲ್ಲಿ ದರ ವಿಚಾರಿಸುವವಳ ಹಾಗೆ ಕೇಳಿದ್ದಳು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ಸುಮ್ಮನಿರುವ ಅಭ್ಯಾಸವೂ ನನಗಿಲ್ಲ. "ಕಾಲ್ ಮುರ್ದ್ರೆ ನಾವೆಲ್ಲ ಸತ್ ಹೋಯ್ದ್ವಾ?" ಎಂದುಬಿಟ್ಟೆ. ಅದು ನನ್ನ ಮೊದಲ ತಪ್ಪು. ಎರಡನೆಯದಕ್ಕೆ ನಿಧಾನವಾಗಿ ಬರುತ್ತೇನೆ. ಅದನ್ನು ಹೇಳುವುದಕ್ಕೆಂದೇ ಇಷ್ಟು ವರ್ಷಗಳ ಮೇಲೆ ಇದನ್ನೆಲ್ಲ ಬರೆಯುತ್ತಿರುವುದು.

ಮೊದಲು ಆ ಚಾಪೆಯ ವಿಷಯ ಹೇಳಬೇಕು. ನಮ್ಮದು ಬಂದರಿನ ಊರು. ಹಿಂದೆ ಇಡೀ ಕೇರಿಯೇ ಸೇರಿ ದಡದಿಂದ ದೊಡ್ಡ ಬಲೆ ಎಳೆಯುತ್ತಿದ್ದ ಕಾಲದಲ್ಲಿ, ಬಂದ ಮೀನನ್ನು ಬಲೆಮನೆಯ ನೆಲದಲ್ಲಿ ಸುರಿದು ಪಾಲು ಹಾಕುತ್ತಿದ್ದರು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಒಂದೊಂದು ಪಾಲು. ಜ್ವರ ಬಂದು ಮಲಗಿದವನಿಗೂ ಒಂದು, ಕಡಲ ಪಾಲಾದವನ ಹೆಂಡತಿಗೂ ಒಂದು. ಪಾಲು ಹಾಕುವ ಹೊತ್ತಿಗೆ ದಾರಿಹೋಕನೊಬ್ಬ ಒಳಗೆ ಕಾಲಿಟ್ಟಿದ್ದರೆ ಅವನನ್ನೂ ಬರಿಗೈಯಲ್ಲಿ ಹೋಗಲು ಬಿಡುತ್ತಿರಲಿಲ್ಲ. ಯಾಂತ್ರಿಕ ದೋಣಿಗಳು ಬಂದವು, ಆ ಬಲೆ ಕೊಳೆತುಹೋಯಿತು, ಬಲೆಮನೆ ಖಾಲಿ ಬಿತ್ತು. ಆ ಖಾಲಿ ಬಲೆಮನೆಯಲ್ಲೇ ನಾವು ಹೆಂಗಸರು ಚೆಂಡು, ಬೂಟು, ಅಂಗಿಗಳನ್ನು ಇಡಲು ಶುರುಮಾಡಿದ್ದು. ಆಡಿ ಬಂದ ದುಡ್ಡು ಹತ್ತಿರಲಿ ನೂರಿರಲಿ, ಚಾಪೆ ಹಾಸಿ ಅದರ ಮೇಲೆ ಸುರಿದು ಪಾಲು ಹಾಕುತ್ತಿದ್ದೆವು. ಹಾಗೆ ಮಾಡಿ ಎಂದು ಯಾರೂ ಹೇಳಿಕೊಟ್ಟದ್ದಲ್ಲ. ದುಡ್ಡನ್ನು ಬೇರೆ ಹೇಗೆ ಹಂಚಬೇಕೆಂದು ನಮಗೆ ಗೊತ್ತೇ ಇರಲಿಲ್ಲ.

ಊರಿನ ಹೆಂಗಸರ ಮೊದಲ ಫುಟ್‌ಬಾಲ್ ತಂಡದಲ್ಲಿ ಆಡಿದವಳು ನಾನು. ಮಂಡಿ ಕೈಕೊಟ್ಟ ಮೇಲೆ ಅಂಗಿ ಒಗೆಯುವುದು, ನೀರು ಹೊರುವುದು, ಆಟ ನಡೆಸುವ ಮಂಡಳಿಯವರಿಗೆ ಪತ್ರ ಬರೆಯುವುದು ನನ್ನ ಪಾಲಿಗೆ ಬಂತು. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಒಣಮೀನು ಕಟ್ಟುವ ಹಳೆಯ ಪೇಪರುಗಳನ್ನು ಓದಿ ಓದಿ ಅಕ್ಷರ ಗಟ್ಟಿಮಾಡಿಕೊಂಡಿದ್ದೆ. ಹುಡುಗಿಯರಿಗೆಲ್ಲ ನಾನು ಅಕ್ಕ.

ಆಡುವವರಲ್ಲಿ ಹೆಚ್ಚಿನವರು ಸಿಗಡಿ ಸುಲಿಯುವ ಶೆಡ್ಡಿನವರು. ಬೆಳಗಿನ ಜಾವದಿಂದ ಐಸಿನ ನೀರಿನಲ್ಲಿ ಕೈ ಅದ್ದಿಕೊಂಡು ಎಂಟು ಗಂಟೆ ನಿಂತು, ಅದೇ ಕಾಲುಗಳಿಂದ ಸಂಜೆ ಮೈದಾನಕ್ಕೆ ಓಡಿಬರುತ್ತಿದ್ದರು. ಮೈದಾನದ ಬೇಲಿಗೆ ಒರಗಿ ನಿಂತ ಗಂಡಸರು ಬೀಡಿ ಎಳೆಯುತ್ತ, ಹೆಂಗಸರ ಆಟ ನಿಧಾನ, ದುಡ್ಡು ಕೊಟ್ಟು ನೋಡುವಂಥದ್ದಲ್ಲ ಎನ್ನುತ್ತಿದ್ದರು. ಒಮ್ಮೆ ನಮ್ಮ ಪ್ರೆಸಿಲ್ಲಾ ಚೆಂಡನ್ನು ಬೇಕೆಂದೇ ಬೇಲಿಯಾಚೆ ಒದ್ದು, ನೀವು ಎಂಟು ಗಂಟೆ ಸಿಗಡಿ ಸುಲಿದು ಬಂದು ಇದನ್ನು ಓಡುತ್ತ ತಂದುಕೊಡಿ, ನಿಮ್ಮ ವೇಗ ನಾವೂ ನೋಡುತ್ತೇವೆ ಎಂದಿದ್ದಳು. ಒಬ್ಬನೂ ಕದಲಲಿಲ್ಲ. ಕೊನೆಗೆ ಚೆಂಡು ತರಲು ಅವಳೇ ಹೋಗಬೇಕಾಯಿತು.

ಐಸ್ ಕಾರ್ಖಾನೆಯ ಸಂಜೀವ ನಾಯಕರು ನಮ್ಮ ತಂಡದ ಖರ್ಚು ನೋಡಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ದೊಡ್ಡ ಸಾಹುಕಾರರೇನಲ್ಲ. ಅವರು ಒಂದು ಲೆಕ್ಕವನ್ನು ಆಗಾಗ ಹೇಳಿ ತಲೆ ಕೆರೆದುಕೊಳ್ಳುತ್ತಿದ್ದರು. ಜನ ಬಂದರೆ ಸಂಬಳ ಕೊಡಬಹುದು. ಸಂಬಳ ಕೊಟ್ಟರೆ ಶೆಡ್ಡಿನ ಕೆಲಸ ಬಿಟ್ಟು ಹಗಲಿಡೀ ಅಭ್ಯಾಸ ಮಾಡಬಹುದು. ಅಭ್ಯಾಸ ಮಾಡಿದರೆ ಆಟ ಚೆನ್ನಾಗಿ ಆಗುತ್ತದೆ. ಆಟ ಚೆನ್ನಾದರೆ ಜನ ಬರುತ್ತಾರೆ. ಈ ಚಕ್ರವನ್ನು ಎಲ್ಲಿಂದ ತಿರುಗಿಸಬೇಕು, ಮೊದಲ ತಳ್ಳು ಯಾರ ಜೇಬಿನಿಂದ ಎಂದು ಅವರು ನನ್ನನ್ನೇ ಕೇಳುತ್ತಿದ್ದರು. ನನ್ನ ಸೀರೆಗೆ ಜೇಬಿಲ್ಲ ಎಂದು ನಾನು ನಗುತ್ತಿದ್ದೆ.

ಹಾಗಿರುವಾಗ ಲೀಗ್ ನಡೆಸುವ ಮಂಡಳಿಯಿಂದ ಕಾಗದ ಬಂತು. ಇನ್ನು ಮುಂದೆ ಹೆಂಗಸರ ಲೀಗ್ ಪೂರ್ತಿ ವೃತ್ತಿಪರ. ಪ್ರತಿ ತಂಡವೂ ಕನಿಷ್ಠ ಹದಿನೆಂಟು ಮಂದಿಗೆ ಕರಾರು ಬರೆದುಕೊಟ್ಟು ಮಂಡಳಿ ಹೇಳಿದಷ್ಟು ಸಂಬಳ ಕೊಡಬೇಕು, ಕರಾರಾದವರು ಬೇರೆ ಯಾವ ಕೆಲಸವನ್ನೂ ಮಾಡುವಂತಿಲ್ಲ, ಆಗದವರು ಹೊರಗೆ. ನಾಯಕರು ಎರಡು ವಾರ ಯೋಚಿಸಿದರು. ಕಾರ್ಖಾನೆಯ ಪಕ್ಕದ ಜಾಗವನ್ನು ಮಾರಿದರು. ಮೂರು ವರ್ಷ ತಾಳಿಕೊಳ್ಳುತ್ತೇನೆ, ಅಷ್ಟರಲ್ಲಿ ಜನ ಬರದಿದ್ದರೆ ದೇವರೇ ಗತಿ ಎಂದರು. ಆದರೆ ಹದಿನೆಂಟರ ಮೇಲೆ ಹತ್ತೊಂಬತ್ತನೆಯ ಸಂಬಳ ಕೊಡಲು ಅವರ ಹತ್ತಿರ ಬೇರೆ ಜಾಗವಿರಲಿಲ್ಲ.

ನಾವು ಇಪ್ಪತ್ಮೂರು ಮಂದಿ ಇದ್ದೆವು.

ಮೂಕಾಂಬು ನಮ್ಮ ಗೋಲ್‌ಕೀಪರು. ಮೂವತ್ತು ದಾಟಿದ್ದಳು. ಅವಳೊಬ್ಬಳೇ ಶೆಡ್ಡಿನವಳಲ್ಲ, ಊರಿನ ಆರೋಗ್ಯ ಕೇಂದ್ರದಲ್ಲಿ ಆಯಾ. ಒಂಬತ್ತು ವರ್ಷ ದಿನಗೂಲಿಯಾಗಿ ದುಡಿದ ಮೇಲೆ, ಹಿಂದಿನ ವರ್ಷವಷ್ಟೇ ಅವಳ ಕೆಲಸ ಖಾಯಂ ಆಗಿತ್ತು. ಗಂಡನಿಗೆ ದಮ್ಮು, ಕಡಲಿಗೆ ಹೋಗುವುದು ನಿಂತಿತ್ತು. ಮಗಳೊಬ್ಬಳು ಶಾಲೆಗೆ ಹೋಗುತ್ತಿದ್ದಳು. ಆ ಖಾಯಂ ಕೆಲಸವೇ ಆ ಮನೆಯ ನಡುಗಂಬ. ಕರಾರಿಗೆ ಸಹಿ ಹಾಕಬೇಕಾದರೆ ಅದಕ್ಕೆ ರಾಜೀನಾಮೆ ಕೊಡಬೇಕಿತ್ತು. ಕೇಂದ್ರದ ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡು, ಕಾಗದ ಮೇಲಿನ ಕಚೇರಿಗೆ ಹೋಯಿತೆಂದರೆ ವಾಪಸು ಬರುವುದಿಲ್ಲ, ಒಂದು ತಿಂಗಳು ಯೋಚಿಸು ಎಂದಿದ್ದರಂತೆ. ಆ ತಿಂಗಳ ಕೊನೆಯ ಸಂಜೆಯೇ ಅವಳು ಚಾಪೆಯ ಅಂಚಿನಲ್ಲಿ ಕುಳಿತು ನನ್ನನ್ನು ಆ ಪ್ರಶ್ನೆ ಕೇಳಿದ್ದು.

ನಾನು ಅವಳಿಗೆ ಬಹಳ ಹೇಳಿದೆ. ಸಂಬಳ ಆಯಾ ಕೆಲಸಕ್ಕಿಂತ ಒಂದೂವರೆ ಪಟ್ಟು ಎಂದೆ. ಹದಿನಾರು ವರ್ಷದಿಂದ ಕದ್ದ ಹೊತ್ತಿನಲ್ಲಿ ಆಡಿದ್ದೀಯ, ಒಂದು ವರ್ಷವಾದರೂ ಹಗಲಿನಲ್ಲಿ, ಇದೇ ನನ್ನ ಕೆಲಸ ಎಂದು ಆಡು ಎಂದೆ. ಅವಳಿಲ್ಲದೆ ಗೋಲಿನಲ್ಲಿ ನಿಲ್ಲಲು ಇನ್ನೊಬ್ಬಳಿರಲಿಲ್ಲ ಎಂಬುದೂ ನಿಜ; ಅದನ್ನು ಮಾತ್ರ ನಾನು ಹೇಳಲಿಲ್ಲ. ಅವಳು ಎಲ್ಲ ಕೇಳಿ, ಬಟ್ಟೆಯನ್ನು ಸುರುಳಿ ಸುತ್ತಿಟ್ಟು ಒಂದೇ ಮಾತು ಹೇಳಿದಳು.

"ಹದ್ನೆಂಟ್ ಜನ ಉಂಡ್, ಐದ್ ಜನ ಕಾಂತಾ ಕೂಕಂಬುದ್ ನನ್ ಕಣ್ಣಲ್ ಆತಿಲ್ಲೆ ಅಕ್ಕ. ಎಲ್ಲಾ ಸಂಬ್ಳ ಚಾಪಿಗ್ ಸುರಿಯುದಾದ್ರೆ ನಾ ಸೈನ್ ಹಾಕ್ತೆ."

ಅದರಲ್ಲಿ ಯೋಚಿಸಬೇಕಾದ್ದು ಏನೋ ಇದೆ ಎಂದು ನಮ್ಮಲ್ಲಿ ಒಬ್ಬರಿಗೂ ಅನಿಸಲಿಲ್ಲ. ಆ ಐವರಲ್ಲಿ ಪ್ರೆಸಿಲ್ಲಾ ಒಬ್ಬಳು. ಬಾಣಂತಿ, ಆ ವರ್ಷ ಆಡುವಂತಿರಲಿಲ್ಲ. ಒಬ್ಬಳ ಕಾಲು ಮುರಿದಿತ್ತು, ಉಳಿದ ಮೂವರು ಇನ್ನೂ ಕಲಿಯುತ್ತಿದ್ದರು. ಜ್ವರದವನಿಗೆ ಪಾಲು ಕೊಟ್ಟ ಊರಿನಲ್ಲಿ ಬಾಣಂತಿಗೆ ಕೊಡದಿರುವುದುಂಟೇ? ನನಗೂ ಅರ್ಧ ಪಾಲು ಎಂದು ಹುಡುಗಿಯರೇ ತೀರ್ಮಾನಿಸಿದರು. ಬೇಡವೆಂದು ನಾನು ಎರಡು ಸಲ ಹೇಳಿದೆ, ಮೂರನೆಯ ಸಲ ಹೇಳಲಿಲ್ಲ. ಮರುದಿನ ಮೂಕಾಂಬು ರಾಜೀನಾಮೆ ಕೊಟ್ಟಳು.

ಮುಂದಿನ ನಾಲ್ಕು ತಿಂಗಳು ನನ್ನ ಬಾಳಿನ ಅತ್ಯಂತ ಚಂದದ ದಿನಗಳು. ಆದ್ದರಿಂದಲೇ ಅವನ್ನು ನೆನೆಯುವುದೆಂದರೆ ನನಗೆ ಹೆದರಿಕೆ. ಮೊದಲ ವಾರ ಹುಡುಗಿಯರು ಬರೀ ನಿದ್ದೆ ಮಾಡಿದರು. ಅಭ್ಯಾಸ ಮುಗಿಸಿ, ಉಂಡು, ಬಲೆಮನೆಯ ನೆರಳಿನಲ್ಲಿ ಸಾಲಾಗಿ ಮಲಗಿಬಿಡುತ್ತಿದ್ದರು. ಎಷ್ಟು ವರ್ಷಗಳ ನಿದ್ದೆಯೋ ಅದು. ಎರಡನೆಯ ತಿಂಗಳಿಗೆ ಬೆರಳ ತುದಿಯ ಬಿರುಕುಗಳು ಕೂಡಿಕೊಂಡವು. ಮೂರನೆಯ ತಿಂಗಳಿಗೆ ಆಟವೇ ಬೇರೆಯಾಯಿತು. ಚೆಂಡು ಕಾಲಿನಿಂದ ಕಾಲಿಗೆ ಹೋಗುವುದು ಕಣ್ಣಿಗೆ ಕಾಣುವ ಮೊದಲೇ ಹೋಗಿ ಮುಟ್ಟಿರುತ್ತಿತ್ತು. ಮೂಕಾಂಬು ಚೆಂಡಿಗೆ ಹಾರಿದರೆ ಬೇಲಿಯ ಗಂಡಸರು ಬೀಡಿಯನ್ನು ಬಾಯಿಗಿಡಲು ಮರೆಯುತ್ತಿದ್ದರು. ಟಿಕೆಟ್ ಇಟ್ಟರೂ ಜನ ಬಂದರು. ಶೆಡ್ಡಿನ ಹೆಂಗಸರು ಸುಲಿದ ಕೈ ತೊಳೆದುಕೊಂಡು ನೇರ ಬರುತ್ತಿದ್ದರು, ಅವರ ಜೊತೆ ಸಿಗಡಿಯ ವಾಸನೆಯೂ ಬರುತ್ತಿತ್ತು. ಚಕ್ರ ತಿರುಗುತ್ತಾ ಇದೆ ಕಾಣಿ ಎಂದು ನಾಯಕರು ಮಗುವಿನ ಹಾಗೆ ಖುಷಿಪಟ್ಟರು.

ತಿಂಗಳಿಗೊಮ್ಮೆ ಚಾಪೆ ಹಾಸುತ್ತಿದ್ದೆವು. ಹದಿನೆಂಟು ಮಂದಿ ಸಂಬಳದ ಲಕೋಟೆ ತಂದು ಸುರಿಯುತ್ತಿದ್ದರು. ಮೂಕಾಂಬು ಪಾಲು ಹಾಕುತ್ತಿದ್ದಳು.

ನಾಲ್ಕನೆಯ ತಿಂಗಳ ಸಂಬಳದ ದಿನವೇ ಮಂಡಳಿಯಿಂದ ತಪಾಸಣೆಗೆ ಬಂದವರು ವಸುಂಧರಾ ಎಂಬ ಹೆಂಗಸು. ಐವತ್ತರ ಆಸುಪಾಸು, ಕುಂಟುವ ಎಡಗಾಲು. ಹಿಂದೆ ತಾವೂ ಆಡಿದವರು. ಬೆಳಗಿನಿಂದ ಮೈದಾನ ಅಳೆದರು, ಕರಾರು ನೋಡಿದರು, ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ಸಂಬಳ ಕೈಗೆ ಬಂತೇ ಎಂದು ಕೇಳಿದರು. ಬಂತು ಎಂದು ಎಲ್ಲರೂ ಹೇಳಿದರು, ಸುಳ್ಳೇನಲ್ಲವಲ್ಲ. ಎಲ್ಲ ಸರಿಯಾಗಿದೆ, ಇಷ್ಟು ಅಚ್ಚುಕಟ್ಟಾದ ತಂಡವನ್ನು ಈ ವರ್ಷ ನೋಡಿಲ್ಲ ಎಂದು ನಾಯಕರ ಕೈ ಕುಲುಕಿದರು. ಆಮೇಲೆ, ಮಧ್ಯಾಹ್ನ, ಅವರು ಬಲೆಮನೆಗೆ ಬಂದರು. ಜೊತೆಯಲ್ಲಿ ನಾನಿದ್ದೆ.

ಚಾಪೆಯ ಮೇಲೆ ದುಡ್ಡು ರಾಶಿ ಬಿದ್ದಿತ್ತು. ಮೂಕಾಂಬು ಮಂಡಿಯೂರಿ ಕುಳಿತು ಪಾಲು ಹಾಕುತ್ತಿದ್ದಳು. ಪ್ರೆಸಿಲ್ಲಾ ಮಗುವನ್ನು ಮಡಿಲಲ್ಲಿ ಹಾಕಿಕೊಂಡೇ ಕೈ ಚಾಚಿ ತನ್ನ ಪಾಲನ್ನು ತೆಗೆದುಕೊಂಡಳು. ವಸುಂಧರಾ ಬಾಗಿಲಲ್ಲೇ ನಿಂತರು.

"ಇವರ ಹೆಸರು ಪಟ್ಟಿಯಲ್ಲಿ ಇಲ್ಲವಲ್ಲ?"

ನಾನು ಹೆಮ್ಮೆಯಿಂದ ಎಲ್ಲವನ್ನೂ ಹೇಳಿದೆ. ದೊಡ್ಡ ಬಲೆಯ ಕಾಲದ ಕತೆಯಿಂದ ಶುರುಮಾಡಿ, ಜ್ವರದವನ ಪಾಲು, ಬಾಣಂತಿಯ ಪಾಲು, ನನ್ನ ಅರ್ಧ ಪಾಲು, ಒಂದನ್ನೂ ಬಿಡಲಿಲ್ಲ. ಅವರು ನಡುವೆ ಒಮ್ಮೆ ಮಾತ್ರ, ಪ್ರತಿ ತಿಂಗಳೂ ಹೀಗೆಯೇ ಎಂದು ಕೇಳಿದರು. ಪ್ರತಿ ತಿಂಗಳೂ ಹೀಗೆಯೇ, ಒಂದು ಕಾಸು ಹೆಚ್ಚುಕಡಿಮೆ ಇಲ್ಲ ಎಂದೆ. ಅಷ್ಟರಲ್ಲಿ ಮೂಕಾಂಬು ಎದ್ದು, ವಾಡಿಕೆಯಂತೆ, ಒಳಗೆ ಕಾಲಿಟ್ಟವರ ಪಾಲೆಂದು ಬಾಳೆಎಲೆಯಲ್ಲಿ ಸುತ್ತಿದ ಎರಡು ಅಂಜಲು ಮೀನನ್ನು ಅವರ ಮುಂದೆ ಹಿಡಿದಳು. ವಸುಂಧರಾ ಕೈ ಹಿಂದಕ್ಕೆ ಎಳೆದುಕೊಂಡರು. ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಎಳೆದುಕೊಂಡರು. ನನ್ನ ಮಾತು ನಿಂತದ್ದು ಆಗ.

"ಇದನ್ನ ನನಗೆ ಕೊಡಬೇಡಿ," ಎಂದರು. ಚಾಪೆಯ ಅಂಚಿನಲ್ಲಿ ಕುಳಿತರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ತಾವು ಹದಿನಾಲ್ಕು ವರ್ಷ ಆಡಿದ್ದನ್ನು ಹೇಳಿದರು. ಕಾಗದದ ಮೇಲೆ ಪೂರ್ತಿ ಸಂಬಳ. ಸಂಬಳದ ಸಂಜೆ ತಂಡದ ಯಜಮಾನ ಕೋಣೆಯ ಬಾಗಿಲು ಹಾಕಿ, ತಂಡ ಅಂದ ಮೇಲೆ ಎಲ್ಲರಿಗೂ ಪಾಲು ಎಂದು ಅರ್ಧ ವಾಪಸು ತೆಗೆದುಕೊಳ್ಳುತ್ತಿದ್ದ. ಆ ಪಾಲು ಎಲ್ಲಿ ಹೋಗುತ್ತಿತ್ತೆಂದು ಕೇಳಿದವಳು ಮುಂದಿನ ಆಟಕ್ಕೆ ಇರುತ್ತಿರಲಿಲ್ಲ. ಕಾಲು ಹೋದ ಮೇಲೆ ಅವರು ಏಳು ವರ್ಷ ಮಂಡಳಿಯ ಬಾಗಿಲು ಬಡಿದು ಒಂದು ನಿಯಮ ಬರೆಸಿದರು: ಆಟಗಾರ್ತಿಯ ಸಂಬಳದಿಂದ ಯಾರಿಗೇ ಆಗಲಿ, ಯಾವ ಹೆಸರಿನಲ್ಲೇ ಆಗಲಿ ಪಾಲು ಹೋದದ್ದು ಒಮ್ಮೆ ಕಂಡರೂ ಆ ತಂಡ ಎರಡು ವರ್ಷ ಲೀಗಿನಿಂದ ಹೊರಗೆ. ಇನ್ನು ಮುಂದೆ ಮಾಡುವುದಿಲ್ಲ ಎಂಬ ಮಾತಿಗೆ ಅಲ್ಲಿ ಜಾಗವಿರಲಿಲ್ಲ, ಏಕೆಂದರೆ ಕಳ್ಳರೆಲ್ಲ ಹೇಳುವ ಮಾತು ಅದೇ.

ಮೂಕಾಂಬು ಕೈಯಲ್ಲಿ ಮೀನು ಹಿಡಿದುಕೊಂಡೇ ನಿಂತಿದ್ದಳು.

"ನಮ್ ಕೈಯಿಂದ ಯಾರೂ ಕಸೀಲಿಲ್ಲೆ ಅಮ್ಮ. ನಾವಾಯೇ ಕೊಟ್ಟದ್ದ್."

"ನಾನೂ ಹಾಗೇ ಬರೆದುಕೊಟ್ಟಿದ್ದೆ ತಾಯಿ. ಪ್ರತಿ ತಿಂಗಳೂ. 'ಸ್ವಂತ ಇಷ್ಟದಿಂದ' ಅಂತ."

"ನಿಮ್ಗೆ ನಮ್ಮನ್ ಕಂಡ್ರೆ ಗೊತ್ತಾತಿಲ್ಯಾ?"

"ನನಗೆ ಗೊತ್ತಾಗುತ್ತೆ," ಎಂದರು ವಸುಂಧರಾ. "ನಿಯಮಕ್ಕೆ ಗೊತ್ತಾಗಲ್ಲ. ಇವತ್ತು ನಿಮ್ಮನ್ನ ಬಿಟ್ಟರೆ, ನಾಳೆ ಎಲ್ಲ ಯಜಮಾನರೂ ಒಂದೊಂದು ಚಾಪೆ ತಂದು ಹಾಸ್ತಾರೆ."

ಅವರು ಅಳುತ್ತಿದ್ದರು ಎಂದು ನನ್ನ ನೆನಪು. ಕೆಲವು ಹುಡುಗಿಯರು ಇಲ್ಲ ಎನ್ನುತ್ತಾರೆ. ಅಳಲಿ ಬಿಡಲಿ, ವರದಿಯಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಬರೆದರು. ಮೂರು ವಾರಕ್ಕೆ ಮಂಡಳಿಯ ಕಾಗದ ಬಂತು. ಎರಡು ವರ್ಷ. ನಾಯಕರು ಅದನ್ನು ನಾಲ್ಕು ಸಲ ಓದಿದರು. ಎರಡು ವರ್ಷ ಆಟವಿಲ್ಲದೆ ಸಂಬಳ ಕೊಡಲು ಅವರಿಂದ ಆಗುವಂತಿರಲಿಲ್ಲ. ಅವರನ್ನು ದೂರುವ ಮುಖ ನಮಗೂ ಇರಲಿಲ್ಲ. ತಂಡ ಮುಚ್ಚಿತು.

ಒಳ್ಳೆಯ ವಯಸ್ಸಿನ ನಾಲ್ವರನ್ನು ದೂರದ ಊರಿನ ತಂಡಗಳು ಕರೆದುಕೊಂಡು ಹೋದವು. ಉಳಿದವರು ಶೆಡ್ಡಿಗೆ ಮರಳಿದರು. ಅಲ್ಲಿ ಅವರ ಜಾಗಕ್ಕೆ ಬೇರೆಯವರು ಬಂದಿದ್ದರಿಂದ ಹೊಸಬರ ಕೂಲಿಗೆ ನಿಲ್ಲಬೇಕಾಯಿತು. ಮೂವತ್ತು ದಾಟಿದ ಗೋಲ್‌ಕೀಪರನ್ನು ಯಾರೂ ಕೇಳಲಿಲ್ಲ. ಮೂಕಾಂಬು ಆರೋಗ್ಯ ಕೇಂದ್ರಕ್ಕೆ ಹೋಗಿಬಂದಳು, ನಾನೂ ಹೋಗಿದ್ದೆ. ಡಾಕ್ಟರಮ್ಮ ಕುರ್ಚಿ ಕೊಟ್ಟು ಕೂರಿಸಿದರು, ಚಹಾ ತರಿಸಿದರು, ಮುಖ ನೋಡದೆ ಮಾತಾಡಿದರು. ಜಾಗ ತುಂಬಿತ್ತು. ಬೇಕಾದರೆ ಯಾರಾದರೂ ರಜೆ ಹಾಕಿದ ದಿನ ದಿನಗೂಲಿಗೆ ಬರಬಹುದೆಂದರು. ಹತ್ತು ವರ್ಷಕ್ಕೂ ಹಿಂದೆ ಅವಳು ಮೊದಲ ಬಾರಿ ಆ ಬಾಗಿಲು ದಾಟಿದಾಗ ಸಿಕ್ಕಿದ್ದೂ ಅದೇ ದಿನಗೂಲಿ. ಅವಳ ಮಗಳ ಶಾಲೆಯ ಮಾತು ನಾನು ಎತ್ತಲಿಲ್ಲ. ಮುಂದಿನ ವಾರ ಮೂಕಾಂಬುವೂ ಶೆಡ್ಡಿನ ಕೂಲಿಗೆ ನಿಂತಳು; ಶಾಲೆಯ ಹೊತ್ತಿನಲ್ಲಿ ಆ ಹುಡುಗಿ ಅಲ್ಲಿನ ಮೆಟ್ಟಿಲಲ್ಲಿ ತಾಯಿಯ ಬುತ್ತಿಯ ಪಕ್ಕ ಕೂತಿರುವುದನ್ನು ಕಂಡೆ.

ಇಷ್ಟರ ನಡುವೆ ಊರಿನಲ್ಲಿ ಒಂದು ಮಾತು ಹುಟ್ಟಿಕೊಂಡಿತ್ತು. ಎಲ್ಲ ನೋಡಿ ಮುಗಿಸಿದ ತಪಾಸಣೆಯವರಿಗೆ ಬಲೆಮನೆಯ ದಾರಿ ತೋರಿಸಿದವರು ಯಾರು? ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂಬ ಹೊಟ್ಟೆಕಿಚ್ಚಿಗೆ ಪ್ರೆಸಿಲ್ಲಾಳೇ ಗುಟ್ಟಾಗಿ ಕಾಗದ ಬರೆದಳೆಂದು ಒಬ್ಬರು ಅಂದರು, ಹತ್ತು ಮಂದಿ ನಂಬಿದರು. ಅವಳಿಗೆ ಸರಿಯಾಗಿ ಸಹಿ ಹಾಕಲೂ ಬರುತ್ತಿರಲಿಲ್ಲ. ಶೆಡ್ಡಿನಲ್ಲಿ ಅವಳ ಪಕ್ಕದ ಜಾಗ ಖಾಲಿ ಉಳಿಯತೊಡಗಿತು. ಅವಳು ಯಾರ ಹತ್ತಿರವೂ ಏನೂ ಹೇಳಿಕೊಳ್ಳಲಿಲ್ಲ. ಇಷ್ಟು ಮಾತಾಡುವ ನಾನೂ ಸುಮ್ಮನಿದ್ದೆ.

ಮೈದಾನದ ಟಿಕೆಟ್ ಕೋಣೆಯನ್ನು ಖಾಲಿ ಮಾಡಿಕೊಡಬೇಕೆಂದು ಹೇಳಿಕಳಿಸಿದ ಮಧ್ಯಾಹ್ನ ಮೂಕಾಂಬು ನನ್ನ ಜೊತೆ ಬಂದಿದ್ದಳು. ಉಳಿದ ಟಿಕೆಟ್ ಪುಸ್ತಕಗಳನ್ನು ದಾರ ಕಟ್ಟಿ ಗೋಣಿಗೆ ತುಂಬುತ್ತಿದ್ದೆವು. ಕಿಟಕಿಯ ಬಾಗಿಲು ಹಾಕಿತ್ತು. ಕೈ ತೂರುವಷ್ಟು ಕಿಂಡಿಯಿಂದ ಮಾತ್ರ ಬೆಳಕು. ಆ ಅರೆಗತ್ತಲಲ್ಲಿ ಹೇಳುವುದು ಸುಲಭವೆನಿಸಿ ನಾನು ಹೇಳಿದೆ. ಅವತ್ತು ವಸುಂಧರಾ ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತಿದ್ದರು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಹೊಗಳಿ ಹೊರಟವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದು ಹೇಗೆಂದು ನಾನೇ ಓಡಿಹೋಗಿ ಕರೆದೆ. ಬನ್ನಿ, ಮೀನು ಸಾರು ಉಂಡು ಹೋಗಿ, ಇವತ್ತು ನಮ್ಮ ಪಾಲು ಹಾಕುವ ದಿನ, ಇಂಥದ್ದನ್ನು ನೀವು ಇನ್ನೆಲ್ಲೂ ನೋಡಿರಲಾರಿರಿ ಎಂದೆ. ಅವರು ಬೇಡವೆಂದರು. ನಾನು ಅವರ ಕೈಯಿಂದ ಚೀಲ ಕಿತ್ತುಕೊಂಡೆ.

ಮೂಕಾಂಬು ದಾರದ ಗಂಟನ್ನು ಹಲ್ಲಿನಿಂದ ಬಿಗಿದಳು.

"ಗೊತ್ತಿತ್ತ್," ಎಂದಳು.

"ಯಾವಾಗಿಂದ?"

"ಅವತ್ತೇ. ಊರಿಗ್ ಬಂದವ್ರ ಹೊಟ್ಟಿ ಚಿಂತಿ ನಿಮ್ಗಲ್ದೆ ಮತ್ಯಾರಿಗಿತ್ತ್?"

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಕೊಡಲಿಲ್ಲ. ಇನ್ನೊಂದು ಪುಸ್ತಕ ತೆಗೆದುಕೊಂಡಳು.

"ನಂಗ್ ಹೇಳಿ ಎಂತ ಆತ್ ಅಕ್ಕ? ಪ್ರೆಸಿಲ್ಲಾಗ್ ಹೇಳಿ."

ಹೇಳುತ್ತೇನೆ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಕಿಂಡಿಯ ಬೆಳಕಿಗೆ ಏನೋ ಅಡ್ಡ ಬಂತು. ಹೊರಗಿನಿಂದ ಒಂದು ಕೈ ಒಳಗೆ ಬಂದು, ಹಲಗೆಯ ಮೇಲೆ ಟಿಕೆಟ್ಟಿನ ದುಡ್ಡು ಇಟ್ಟು, ಅಂಗೈ ಬಿಡಿಸಿಕೊಂಡು ಕಾಯತೊಡಗಿತು. ಹೆಂಗಸಿನ ಕೈ, ಗಾಜಿನ ಬಳೆ, ಐಸಿನ ನೀರಿಗೆ ಬಿಳುಚಿ ಬಿರಿದ ಬೆರಳುಗಳು. ಆಚೆ ಊರಿನ ಶೆಡ್ಡಿನವಳೋ ಏನೋ, ತಂಡ ಮುಚ್ಚಿದ ಸುದ್ದಿ ತಿಳಿಯದೆ ಭಾನುವಾರದ ಆಟಕ್ಕೆ ಈಗಲೇ ಜಾಗ ಹಿಡಿಯಲು ಬಂದವಳಿರಬೇಕು. ಮುಖ ಕಾಣುತ್ತಿರಲಿಲ್ಲ. ಮೂಕಾಂಬು ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದಳು. ಆಮೇಲೆ ಒಂದು ಬೆರಳಿನಿಂದ ದುಡ್ಡನ್ನು ಮೆಲ್ಲಗೆ ಹೊರಕ್ಕೆ ತಳ್ಳಿದಳು.

ಕಡಿಮೆಯಾಯಿತೆಂದು ತಿಳಿದು, ಆ ಕೈ ಅದರ ಪಕ್ಕದಲ್ಲಿ ಇನ್ನೊಂದು ನಾಣ್ಯ ಇಟ್ಟಿತು.